ನಲವತ್ತು ಸೈಡ್‌ಫ್ರೇಮ್, ಎರಡು ಅಚ್ಚು: ಮಳೆಗಾಲದಲ್ಲಿ ಐಸಿಎಫ್ ಬೋಗಿಯ ರೆಸಿನ್ ಎರಕ

ಮಾದರಿ ರೈಲಿನ ಹತ್ತು ಕೋಚಿನ ರೇಕಿಗೆ (ಜೋಡಿಸಿದ ಕೋಚುಗಳ ಸಾಲಿಗೆ) ಇಪ್ಪತ್ತು ಬೋಗಿ, ಬೋಗಿಗೆ ಎರಡರಂತೆ ನಲವತ್ತು ಸೈಡ್‌ಫ್ರೇಮ್, ಅಂದರೆ ಬೋಗಿಯ ಪಕ್ಕದ ಚೌಕಟ್ಟು: ಕೆಲಸ ಇಷ್ಟೇ. ಅಳತೆ 1:87. ಇಲ್ಲಿ ಬೋಗಿಯೆಂದರೆ ಕೋಚಲ್ಲ, ಅದನ್ನು ಹೊತ್ತ ಗಾಲಿಗಳ ಚೌಕಟ್ಟು: ಮೂಲ, ಐಸಿಎಫ್ (ಇಂಟಿಗ್ರಲ್ ಕೋಚ್ ಫ್ಯಾಕ್ಟರಿ) ಕೋಚಿನ ಅಡಿಯಲ್ಲಿರುವ ನಾಲ್ಕು ಗಾಲಿಯ ಬೋಗಿ. ಎರಕ ಹೊಯ್ದದ್ದು ಮಂಗಳೂರಿನ ಒಂದು ಮನೆಯ ಮಹಡಿ ಕೋಣೆಯಲ್ಲಿ, ಜುಲೈ ತಿಂಗಳಲ್ಲಿ. ಮಾಸ್ಟರ್, ಅಂದರೆ ಅಚ್ಚು ತೆಗೆಯುವ ಮೂಲ ತುಂಡು, ಚೆನ್ನಾಗಿತ್ತು. ಸಿಲಿಕೋನ್ ಹೊಸದು. ಹವ್ಯಾಸಿಗೆ ಸಣ್ಣಪುಟ್ಟ ಬಿಡಿಭಾಗ ಹೊಯ್ದ ಅಭ್ಯಾಸವೂ ಇತ್ತು. ಆದರೂ ಮೊದಲ ಅಚ್ಚು ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯಿತು. ಸಿಲಿಕೋನ್ ಬದಲಿಸಿದ ಮೇಲಿನದು ಗಟ್ಟಿಯಾಯಿತು, ಆದರೆ ಅದರಿಂದ ಬಂದ ಫ್ರೇಮುಗಳಲ್ಲಿ ಆಕ್ಸಲ್ ಬಾಕ್ಸಿನ (ಆಕ್ಸಲ್ಲಿನ ತುದಿ ಕೂರುವ ಪೆಟ್ಟಿಗೆಯ) ತಳವೇ ಇರಲಿಲ್ಲ. ಅದನ್ನು ಸರಿಪಡಿಸುವಷ್ಟರಲ್ಲಿ ರೆಸಿನ್ ನೊರೆಯೇಳತೊಡಗಿತು. ನೊರೆ ನಿಂತ ಮೇಲೆ ಫ್ರೇಮುಗಳು ಬಾಗಿದವು.

ಈ ನಾಲ್ಕೂ ತೊಂದರೆಗಳು ಕಣ್ಣಿಗೆ ಬಿದ್ದ ಹಂತ ಒಂದು, ಹುಟ್ಟಿದ ಹಂತ ಇನ್ನೊಂದು. ಅಚ್ಚು ಗಟ್ಟಿಯಾಗದಿದ್ದರೆ ಹಾರ್ಡನರ್ ಹೆಚ್ಚು ಹಾಕುವುದು, ಗುಳ್ಳೆ ಬಂದರೆ ಒತ್ತಡ ಏರಿಸುವುದು ಸಹಜವಾಗಿ ಹೊಳೆಯುವ ಉಪಾಯಗಳು. ಇಲ್ಲಿ ಅವುಗಳಿಂದ ಸಾಮಾನು ಖರ್ಚಾಯಿತೇ ಹೊರತು ದೋಷ ಹೋಗಲಿಲ್ಲ. ಒಂದೊಂದು ದೋಷಕ್ಕೂ ಹಿಂದಿನ ಹಂತಕ್ಕೆ ಹೋಗಿ ಕಾರಣ ಹುಡುಕಬೇಕಾಯಿತು.

ಮೂಲದ ಅಳತೆ, ಮಾಸ್ಟರಿನ ರೂಪ

ಪೆರಂಬೂರಿನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ 1955ರಲ್ಲಿ ಶುರುವಾಯಿತು. ಸ್ವಿಟ್ಜರ್ಲೆಂಡಿನ ಶ್ಲೀರೆನ್ ಕಂಪನಿಯ ವಿನ್ಯಾಸದಿಂದ ಬೆಳೆದ ಈ ಕೋಚಿನ ತಯಾರಿ 2018ರ ಜನವರಿಯಲ್ಲಿ ಅಲ್ಲಿ ನಿಂತಿತು. ನಮ್ಮ ಕಡೆಯ ರೈಲುಗಳನ್ನು ಮಾದರಿಯಲ್ಲಿ ಕಟ್ಟುವವರಿಗೆ ಇದನ್ನು ಬಿಟ್ಟರೆ ಗತಿಯಿಲ್ಲ. ಬೋಗಿಯ ಎರಡು ಆಕ್ಸಲ್‌ಗಳ ನಡುವಿನ ಅಂತರ 2896 ಮಿ.ಮೀ., 1:87ರಲ್ಲಿ 33.3 ಮಿ.ಮೀ. ಹೊಸ ಗಾಲಿಯ ವ್ಯಾಸ 915 ಮಿ.ಮೀ., ಮಾದರಿಯಲ್ಲಿ 10.5 ಮಿ.ಮೀ. ಬ್ರಾಡ್ ಗೇಜಿನ 1676 ಮಿ.ಮೀ. ಮಾತ್ರ ಲೆಕ್ಕದಂತೆ 19.3 ಮಿ.ಮೀ. ಆಗಬೇಕು. ಆದರೆ ಅಂಗಡಿಯಲ್ಲಿ ಸಿಗುವ ಹಳಿ 16.5 ಮಿ.ಮೀ. ಗೇಜಿನದು, ಹೆಚ್ಚಿನವರು ಅದರಲ್ಲೇ ಓಡಿಸುತ್ತಾರೆ. ಸೈಡ್‌ಫ್ರೇಮಿನ ಮುಖ ಸರಿಯಿದ್ದರೆ ಈ ರಾಜಿ ಅಷ್ಟಾಗಿ ಕಾಣುವುದಿಲ್ಲ.

ಆ ಮುಖದಲ್ಲಿ ಕೆಲಸ ಬಹಳ. ಆಕ್ಸಲ್ ಬಾಕ್ಸಿನ ಎರಡೂ ಬದಿಗೆ ಒಂದೊಂದು ಕಾಯಿಲ್ ಸ್ಪ್ರಿಂಗ್, ನಡುವೆ ಬೋಲ್‌ಸ್ಟರ್ (ಕೋಚಿನ ಭಾರ ಹೊರುವ ಅಡ್ಡತೊಲೆ) ಸ್ಪ್ರಿಂಗುಗಳ ಜೋಡಿ, ಅವನ್ನು ಹೊತ್ತ ಕೆಳತೊಲೆ, ಆ ತೊಲೆಯನ್ನು ಫ್ರೇಮಿಗೆ ತೂಗುಹಾಕಿದ ಹ್ಯಾಂಗರುಗಳು, ಸುರಕ್ಷತೆಯ ಪಟ್ಟಿಗಳು, ಶಾಕ್ ಅಬ್ಸಾರ್ಬರ್. ಮಾದರಿಯಲ್ಲಿ ಇಡೀ ತುಂಡು 42 ಮಿ.ಮೀ. ಉದ್ದ, 11 ಮಿ.ಮೀ. ಎತ್ತರ, 3.2 ಮಿ.ಮೀ. ದಪ್ಪ. ಗಾತ್ರ 0.8 ಮಿ.ಲೀ. ಆಸುಪಾಸು.

ನಲವತ್ತನ್ನೂ 3ಡಿ ಪ್ರಿಂಟರಿನಲ್ಲೇ ತೆಗೆಯಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ತೆಗೆಯಬಹುದು. ಆದರೆ ಯುವಿ ರೆಸಿನ್ನಿನ ಪ್ರಿಂಟು ಬೆಳಕಿಗೆ ಸಿಕ್ಕಷ್ಟೂ ಪೆಡಸಾಗುತ್ತದೆ, ಹ್ಯಾಂಗರಿನಂಥ ತೆಳು ಭಾಗ ಕೈ ತಾಗಿದರೆ ಮುರಿಯುತ್ತದೆ, ಆಧಾರ ಕಡ್ಡಿಗಳ ಗುರುತನ್ನು ನಲವತ್ತು ಸಲ ಉಜ್ಜಬೇಕಾಗುತ್ತದೆ. ಪಾಲಿಯುರೆಥೇನ್ ಎರಕ ಸ್ವಲ್ಪ ಬಗ್ಗಿ ತಾಳಿಕೊಳ್ಳುತ್ತದೆ, ಬೇರಿಂಗಿಗೆ ತೂತು ಕೊರೆದರೆ ಸೀಳುವುದಿಲ್ಲ. ಎರಡು ಪ್ರಿಂಟನ್ನು ಮನಸ್ಸಿಟ್ಟು ಉಜ್ಜಿ ಮಾಸ್ಟರ್ ಮಾಡಿ, ಉಳಿದದ್ದನ್ನು ಹೊಯ್ಯುವುದು ಈ ಸಂಖ್ಯೆಗೆ ಸರಿಯಾದ ದಾರಿ. ಮಾಸ್ಟರ್ ಸ್ವಂತ ಡ್ರಾಯಿಂಗಿನದೇ ಆಗಿರಬೇಕು ಎಂಬುದನ್ನೂ ಹೇಳಬೇಕು. ಇನ್ನೊಬ್ಬರು ಮಾರುವ ಭಾಗವನ್ನು ಅಚ್ಚಿಗಿಟ್ಟು ನಕಲು ತೆಗೆಯುವುದು ಈ ಹವ್ಯಾಸವನ್ನು ನಂಬಿ ಬದುಕುವ ಸಣ್ಣ ತಯಾರಕರ ಹೊಟ್ಟೆಗೆ ಹೊಡೆದಂತೆ.

ಮಾಸ್ಟರಿನ ವಿನ್ಯಾಸದಲ್ಲಿ ಎರಡು ನಿರ್ಧಾರ ಮುಂದೆ ಬಹಳ ಉಪಕಾರಕ್ಕೆ ಬಂದವು. ನಿಜವಾದ ಬೋಗಿಯಲ್ಲಿ ಸ್ಪ್ರಿಂಗಿನ ಸುತ್ತುಗಳ ನಡುವೆ ಆಚೆ ಬದಿ ಕಾಣುತ್ತದೆ. ಮಾದರಿಯಲ್ಲೂ ಹಾಗೇ ಬಿಟ್ಟರೆ ಸುತ್ತುಗಳ ನಡುವೆ ನುಗ್ಗಿದ ಸಿಲಿಕೋನ್ ಪೊರೆ ಮೊದಲ ನಾಲ್ಕೈದು ಎರಕದಲ್ಲೇ ಹರಿಯುತ್ತದೆ. ಹಾಗಾಗಿ ಸ್ಪ್ರಿಂಗಿನ ಹಿಂದೆ ತೆಳು ಗೋಡೆ ಕೊಟ್ಟು, ಸುತ್ತುಗಳನ್ನು ಅರ್ಧ ಉಬ್ಬಾಗಿ ಮಾತ್ರ ಉಳಿಸಲಾಯಿತು. ಕಪ್ಪು ಬಳಿದ ಮೇಲೆ ಗೋಡೆ ಕಾಣುವುದೇ ಇಲ್ಲ. ಎರಡನೆಯದು ಬೇರಿಂಗ್. ಸೂಜಿಮೊನೆಯ ಆಕ್ಸಲ್ ಕೂರುವ 2 ಮಿ.ಮೀ. ಹಿತ್ತಾಳೆ ಬೇರಿಂಗಿಗೆ ಪೂರ್ತಿ ತೂತನ್ನು ಅಚ್ಚಿನಲ್ಲೇ ತರಲು ಹೋದರೆ ಅಚ್ಚಿನ ಇನ್ನೊಂದು ಅರ್ಧದಲ್ಲಿ ಸಿಲಿಕೋನಿನ ಸಣ್ಣ ಕಡ್ಡಿ ನಿಲ್ಲಬೇಕಾಗುತ್ತದೆ. ಅದು ಬಾಗುತ್ತದೆ, ಕೊನೆಗೆ ಕಿತ್ತು ಬರುತ್ತದೆ. ಬದಲಿಗೆ ಹಿಂಬದಿಯಲ್ಲಿ ಅರ್ಧ ಮಿ.ಮೀ. ಆಳದ ಶಂಕುವಿನಾಕಾರದ ಗುಳಿ ಮಾತ್ರ ಇಡಲಾಯಿತು, ಡ್ರಿಲ್ಲಿನ ಮೊನೆ ಜಾರದಂತೆ ಹಿಡಿಯುವಷ್ಟು.

ಗಟ್ಟಿಯಾಗದ ಅಚ್ಚು

ಮೊದಲ ಅಚ್ಚು ಪ್ಲಾಟಿನಂ ಸಿಲಿಕೋನಿನದು, ಕಲಸಬೇಕಾದ ಎರಡು ಭಾಗಗಳಾದ ಎ ಮತ್ತು ಬಿ ಸಮಪಾಲು. ಮರುದಿನ ಡಬ್ಬಿಯಲ್ಲಿ ಉಳಿದದ್ದು ರಬ್ಬರಾಗಿತ್ತು, ಅಚ್ಚಿನ ಹೊರಮೈಯೂ ಗಟ್ಟಿ. ಆದರೆ ಮಾಸ್ಟರಿಗೆ ತಾಗಿದ ಪದರ ಜೇನಿನಂತೆ ಎಳೆ ಬಿಡುತ್ತಿತ್ತು, ಅದರಲ್ಲೂ ಸ್ಪ್ರಿಂಗುಗಳ ಸಂದಿಯಲ್ಲಿ. ರೋಗನಿರ್ಣಯಕ್ಕೆ ಇಷ್ಟೇ ಸಾಕು. ಬೆರೆಸಿದ್ದು ತಪ್ಪಾಗಿದ್ದರೆ ಡಬ್ಬಿಯಲ್ಲಿ ಉಳಿದದ್ದೂ ಮೆತ್ತಗಿರಬೇಕಿತ್ತು. ತಾಗಿದ ಮೈಯಲ್ಲಿ ಮಾತ್ರ ಅಂಟು ಉಳಿದರೆ ಮಾಸ್ಟರೇ ಕಾರಣ. ಆದರೆ ಇಲ್ಲಿ ಎರಡನೆಯ ಪ್ರಯತ್ನಕ್ಕೆ ಬಿ ಭಾಗ ಹೆಚ್ಚು ಹಾಕಲಾಯಿತು. ಫಲ ಅದೇ, ಜೊತೆಗೆ ರಬ್ಬರಿನ ಗುಣವೂ ಕೆಟ್ಟಿತು.

ಪ್ಲಾಟಿನಂ ಸಿಲಿಕೋನ್ ಗಟ್ಟಿಯಾಗುವುದು ಬಹಳ ಸಣ್ಣ ಪ್ರಮಾಣದ ಪ್ಲಾಟಿನಂ ವೇಗವರ್ಧಕದಿಂದ. ಗಂಧಕ, ತವರದ ಸಂಯುಕ್ತ, ಅಮೀನು ಇವು ಅದಕ್ಕೆ ಅಂಟಿಕೊಂಡು ಕೆಲಸ ನಿಲ್ಲಿಸಿಬಿಡುತ್ತವೆ. ಯುವಿ ರೆಸಿನ್ ಪ್ರಿಂಟಿನ ಮೈಯಲ್ಲಿ ಉಳಿದ ಅರೆಬೆಂದ ರಾಳ ಮತ್ತು ಅದರೊಳಗಿನ ಬೆಳಕು ಹಿಡಿಯುವ ರಾಸಾಯನಿಕಗಳೂ ಇದೇ ಕೆಲಸ ಮಾಡುತ್ತವೆ. ಸಂದಿಗೊಂದಿಯಲ್ಲಿ ತೊಳೆತ ಸರಿಯಾಗಿ ತಲುಪುವುದಿಲ್ಲ, ಯುವಿ ಬೆಳಕೂ ತಲುಪುವುದಿಲ್ಲ, ಆದ್ದರಿಂದಲೇ ಸ್ಪ್ರಿಂಗಿನ ಸುತ್ತ ಅಂಟು ಹೆಚ್ಚು. ಮಕ್ಕಳ ಬಣ್ಣದ ಜೇಡಿ, ಲೇಟೆಕ್ಸ್ ಕೈಗವಸು ಇವುಗಳಲ್ಲೂ ಗಂಧಕವಿರಬಹುದು. ಪ್ಲಾಟಿನಂ ಬಳಸುವಾಗ ನೈಟ್ರೈಲ್ ಕೈಗವಸೇ ಸರಿ.

ಪ್ಲಾಟಿನಂ ಬಿಡಲೇಬಾರದು ಎನ್ನುವವರು ಪ್ರಿಂಟನ್ನು ಹೀಗೆ ಸಿದ್ಧಪಡಿಸಬೇಕು: ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಎರಡು ಸಲ, ಎರಡನೆಯ ಸಲ ಹೊಸ ದ್ರವದಲ್ಲಿ, ಮೂರು ಮೂರು ನಿಮಿಷ ತೊಳೆಯಬೇಕು. ಗಾಳಿ ಊದಿ ಸಂದಿಗಳನ್ನು ಒಣಗಿಸಬೇಕು. ಪೂರ್ತಿ ಒಣಗಿದ ಮೇಲೆಯೇ ಎರಡೂ ಮುಖಕ್ಕೆ 405 ನ್ಯಾನೊಮೀಟರ್ ಬೆಳಕು ಅರ್ಧ ಗಂಟೆ. ಆಮೇಲೆ ಗಾಜಿನ ಮೇಲೆ ಚಪ್ಪಟೆ ಇಟ್ಟು 60 ಡಿಗ್ರಿಯಲ್ಲಿ ಐದಾರು ಗಂಟೆ. ಕೊನೆಗೆ ಅಕ್ರಿಲಿಕ್ ಕ್ಲಿಯರ್‌ನ ಎರಡು ತೆಳು ಪದರ. ಇಷ್ಟಾದರೂ ಅದೇ ಪ್ರಿಂಟಿನ ಒಂದು ಬೇಡದ ತುಂಡಿನ ಮೇಲೆ ಚಮಚದಷ್ಟು ಸಿಲಿಕೋನ್ ಬಿಟ್ಟು ನೋಡದೆ ಮಾಸ್ಟರನ್ನು ಮುಳುಗಿಸಬಾರದು.

ಈ ಪ್ರಕರಣದಲ್ಲಿ ಆರಿಸಿದ್ದು ಬೇರೆ ದಾರಿ: ತವರ ವೇಗವರ್ಧಕದ ಸಿಲಿಕೋನ್. ಅಂಗಡಿಯಲ್ಲಿ ಆರ್‌ಟಿವಿ ಸಿಲಿಕೋನ್ ಎಂದು ಕೇಳಿದರೆ ನಮ್ಮಲ್ಲಿ ಸಾಮಾನ್ಯವಾಗಿ ಕೊಡುವುದು ಇದನ್ನೇ, ದೊಡ್ಡ ಡಬ್ಬಿಯ ಜೊತೆ ಪುಟ್ಟ ಬಾಟಲಿ. ಯುವಿ ಪ್ರಿಂಟಿಗೆ ಇದು ಅಷ್ಟಾಗಿ ಹೆದರುವುದಿಲ್ಲ. ಇದರ ದೋಷ, ದಿನ ಕಳೆದಂತೆ ಕುಗ್ಗುತ್ತದೆ ಮತ್ತು ಕೆಲವು ವರ್ಷಗಳಲ್ಲಿ ಪೆಡಸಾಗುತ್ತದೆ. ನಲವತ್ತು ತುಂಡನ್ನು ಕೆಲವೇ ವಾರಗಳಲ್ಲಿ ಹೊಯ್ದು ಮುಗಿಸುವ ಕೆಲಸಕ್ಕೆ ಇದೇ ತಕ್ಕದ್ದು. ಮುಂದಿನ ವರ್ಷವೂ ಅದೇ ಅಚ್ಚು ಬೇಕೆನ್ನುವವರು ಪ್ಲಾಟಿನಮ್ಮಿಗೆ ಶ್ರಮಪಡಲಿ.

ಕುಗ್ಗುವಿಕೆಯ ಲೆಕ್ಕ ಮೊದಲೇ ಆಗಬೇಕು. ಮಾಸ್ಟರಿನ ಜೊತೆ 100 ಮಿ.ಮೀ. ಉದ್ದದ ಒಂದು ಪಟ್ಟಿಯನ್ನೂ ಪ್ರಿಂಟ್ ಮಾಡಿ, ಅದೇ ಸಿಲಿಕೋನಿನಲ್ಲಿ ಅಚ್ಚು ತೆಗೆದು, ಅದೇ ರೆಸಿನ್ ಹೊಯ್ದು ಅಳೆಯಬೇಕು. 99.3 ಬಂದರೆ ಮಾಸ್ಟರನ್ನು 1.007ರಿಂದ ಗುಣಿಸಿ ಮತ್ತೆ ಪ್ರಿಂಟ್ ಮಾಡಬೇಕು. 33.3 ಮಿ.ಮೀ. ಅಂತರದಲ್ಲಿ ಇದು ಕಾಲು ಮಿ.ಮೀ.ಗೆ ಹತ್ತಿರ. ನೋಟಕ್ಕೆ ಏನೂ ಅಲ್ಲ, ಆದರೆ ಎಡ ಬಲ ಫ್ರೇಮುಗಳಲ್ಲಿ ಈ ಅಂತರ ಬೇರೆಬೇರೆಯಾದರೆ ಆಕ್ಸಲ್ಲುಗಳು ಸಮಾನಾಂತರವಾಗಿ ನಿಲ್ಲುವುದಿಲ್ಲ, ಗಾಲಿ ಹಳಿ ಬಿಡುತ್ತದೆ.

ಗಾಳಿ ನಿಲ್ಲುವ ಜಾಗ

ತವರ ಸಿಲಿಕೋನಿನ ಮೊದಲ ಅಚ್ಚಿನಲ್ಲಿ ಫ್ರೇಮುಗಳನ್ನು ತಲೆಕೆಳಗಾಗಿ ನಿಲ್ಲಿಸಲಾಗಿತ್ತು. ಉದ್ದೇಶ ಸರಿಯಾದದ್ದೇ: ರೆಸಿನ್ ಒಳಬರುವ ಗೇಟಿನ ಗುರುತು ಫ್ರೇಮಿನ ಮೇಲಂಚಿಗೆ ಬೀಳಲಿ, ಅದು ಕೋಚಿನ ನೆಲದಡಿ ಮುಚ್ಚಿಹೋಗುತ್ತದೆ. ಆದರೆ ತಲೆಕೆಳಗಾದಾಗ ಎರಡು ಆಕ್ಸಲ್ ಬಾಕ್ಸಿನ ತಳ, ಕೆಳತೊಲೆ, ಎರಡು ಸುರಕ್ಷತಾ ಪಟ್ಟಿ, ಇವೆಲ್ಲ ಮೇಲ್ಮುಖವಾದ ಕೊನೆಗಳಾದವು. ರೆಸಿನ್ ಕೆಳಗಿನಿಂದ ಏರುತ್ತದೆ, ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಮೇಲೆ ದಾರಿಯಿಲ್ಲದ ಪ್ರತಿ ಮೂಲೆಯಲ್ಲೂ ಗಾಳಿ ಉಳಿಯುತ್ತದೆ. ಒಂದು ಫ್ರೇಮಿಗೆ ಐದು ಜಾಗ, ಐದರಲ್ಲೂ ಪ್ರತಿ ಸಲ ಒಂದೇ ಆಕಾರದ ಕೊರತೆ.

ಗುಳ್ಳೆ ಕುಗ್ಗಿಸಲು ಅಚ್ಚನ್ನು ಒಳಗಿಟ್ಟು ಗಾಳಿ ತುಂಬುವ ಒತ್ತಡದ ಪಾತ್ರೆ ಇದ್ದೂ ಹೀಗಾದದ್ದು ಹಲವರಿಗೆ ಅಚ್ಚರಿ. ಲೆಕ್ಕ ಹಾಕಿದರೆ ಅಚ್ಚರಿಯಿಲ್ಲ. 50 ಪಿಎಸ್‌ಐ (ಚದರ ಅಂಗುಲಕ್ಕೆ 50 ಪೌಂಡ್) ಗೇಜ್ ಒತ್ತಡವೆಂದರೆ ವಾತಾವರಣದ್ದನ್ನೂ ಸೇರಿಸಿ ಸುಮಾರು 4.4 ಪಟ್ಟು. ಗುಳ್ಳೆಯ ಗಾತ್ರ 4.4ರಲ್ಲಿ ಒಂದು ಪಾಲಾಗುತ್ತದೆ, ಆದರೆ ವ್ಯಾಸ ಇಳಿಯುವುದು ಶೇ. 61ಕ್ಕೆ ಮಾತ್ರ. ರೆಸಿನ್ನಿನೊಳಗೆ ಚದುರಿದ ಕಾಲು ಮಿ.ಮೀ. ಗುಳ್ಳೆ ಕಣ್ಮರೆಯಾದೀತು, ಆಕ್ಸಲ್ ಬಾಕ್ಸಿನ ತಳದಲ್ಲಿ ಸಿಕ್ಕಿಕೊಂಡ ಮೂರು ಮಿ.ಮೀ. ಗಾಳಿ ಎರಡು ಮಿ.ಮೀ. ಆಗಿ ಅಲ್ಲೇ ಕೂರುತ್ತದೆ. ಅಚ್ಚಿನ ವಿನ್ಯಾಸ ಮಾಡಬೇಕಾದ ಕೆಲಸವನ್ನು ಒತ್ತಡದ ಕೈಲಿ ಮಾಡಿಸಲಾಗದು.

ಪರಿಹಾರಕ್ಕೆ ಫ್ರೇಮನ್ನು ಹಳಿಯ ಮೇಲೆ ನಿಲ್ಲುವಂತೆಯೇ ನಿಲ್ಲಿಸಲಾಯಿತು. ಬೋಗಿಯ ರಚನೆಯೇ ಇಲ್ಲಿ ಒದಗಿಬರುತ್ತದೆ: ಕೆಳತೊಲೆಯಿಂದ ಹ್ಯಾಂಗರ್ ಮೂಲಕ ಫ್ರೇಮಿಗೆ, ಆಕ್ಸಲ್ ಬಾಕ್ಸಿನಿಂದ ಸ್ಪ್ರಿಂಗಿನ ಮೂಲಕ ಫ್ರೇಮಿಗೆ, ಎಲ್ಲ ದಾರಿಗಳೂ ಮೇಲಕ್ಕೇ ಹೋಗಿ ಸೇರುತ್ತವೆ. ಗಾಳಿ ಕೊನೆಗೆ ಬಂದು ನಿಲ್ಲುವುದು ಫ್ರೇಮಿನ ಮೇಲಂಚಿನಲ್ಲಿ. ಅಲ್ಲಿ ಎರಡು ತುದಿಗೆ ಒಂದೊಂದು, ನಡುವೆ ಒಂದು, 1.5 ಮಿ.ಮೀ.ನ ಗಾಳಿದಾರಿ ಸಾಕು. ರೆಸಿನ್ ಮಾತ್ರ ಕೆಳಗಿನಿಂದ ಬರಬೇಕು: ಎರಡು ಫ್ರೇಮುಗಳ ನಡುವೆ 5 ಮಿ.ಮೀ. ದಪ್ಪದ ಇಳಿದಾರಿ, ಅದರ ಬುಡದಿಂದ ಎರಡೂ ಕಡೆಗೆ 3 ಮಿ.ಮೀ.ನ ಅಡ್ಡದಾರಿ, ಅಲ್ಲಿಂದ ಕೆಳತೊಲೆಯ ತಳಕ್ಕೆ ಒಂದು ಮಿ.ಮೀ. ದಪ್ಪದ ಗೇಟ್. ತೊಲೆಯ ತಳ ಹಳಿಯ ಕಡೆಗಿರುತ್ತದೆ, ಕತ್ತರಿಸಿದ ಗುರುತು ಯಾರಿಗೂ ಕಾಣದು.

ಅಚ್ಚು ಕಟ್ಟಿದ ಕ್ರಮ

ಫ್ರೇಮಿನ ಹಿಂಬದಿ ಚಪ್ಪಟೆ ಇರುವುದರಿಂದ ಜೇಡಿಯಲ್ಲಿ ಅರ್ಧ ಹುದುಗಿಸುವ ಗೋಜಿಲ್ಲ. 128 ಮಿ.ಮೀ. ಅಗಲ, 50 ಮಿ.ಮೀ. ಎತ್ತರದ ಅಕ್ರಿಲಿಕ್ ಹಾಳೆಯ ಮೇಲೆ ಎರಡು ಮಾಸ್ಟರುಗಳನ್ನು ಹಿಂಬದಿ ಕೆಳಗಾಗಿ ತೆಳು ಡಬಲ್ ಟೇಪಿನಿಂದ ಅಂಟಿಸಬೇಕು. ಇಳಿದಾರಿ, ಅಡ್ಡದಾರಿ, ಗಾಳಿದಾರಿ ಇವಕ್ಕೆ ಸ್ಟೈರೀನ್ ಕಡ್ಡಿ. ನಾಲ್ಕು ಮೂಲೆಗೆ ಅಕ್ರಿಲಿಕ್ಕಿನ ಅರ್ಧಗೋಲ ಮಣಿ, ಎರಡು ಅರ್ಧಗಳು ಸರಿಯಾಗಿ ಕೂರಲು. ಸುತ್ತ ಸನ್‌ಬೋರ್ಡಿನ (ಹಗುರ ಫೋಮ್ ಹಲಗೆಯ) ಗೋಡೆ, ಮೂಲೆಗಳಿಗೆ ಗ್ಲೂ ಗನ್. ಅಂಚಿನಿಂದ ಮಾಸ್ಟರಿಗೆ ಎಲ್ಲ ಕಡೆಯೂ ಹತ್ತು ಹನ್ನೆರಡು ಮಿ.ಮೀ. ಜಾಗವಿರಲಿ. ಗೋಡೆ ತೆಳುವಾದರೆ ರಬ್ಬರ್ ಬ್ಯಾಂಡ್ ಬಿಗಿದಾಗ ಅಚ್ಚು ಉಬ್ಬಿ, ಫ್ರೇಮಿನ ದಪ್ಪ ಬದಲಾಗುತ್ತದೆ.

ಒಂದು ಅರ್ಧದ ದಪ್ಪ 15 ಮಿ.ಮೀ. ಗಾತ್ರ 96 ಮಿ.ಲೀ., ಅಂದರೆ 110 ಗ್ರಾಂ ಸಿಲಿಕೋನ್. ಡಬ್ಬಿಯ ಮೇಲೆ 100ಕ್ಕೆ 3 ಎಂದಿದ್ದರಿಂದ ವೇಗವರ್ಧಕ 3.3 ಗ್ರಾಂ. ಹನಿ ಎಣಿಸಿ ಹಾಕುವುದು ಬೇಡ, ತೂಗಬೇಕು. ಡಬ್ಬಿಯ ಗೋಡೆ ಮತ್ತು ತಳ ಕೆರೆದು ಮೂರು ನಿಮಿಷ ಕಲಸಿ, ಇನ್ನೊಂದು ಪಾತ್ರೆಗೆ ಸುರಿದು ಮತ್ತೆ ಒಂದು ನಿಮಿಷ ಕಲಸಿದರೆ ಕಲಸದೆ ಉಳಿದ ಗೆರೆಗಳು ಬರುವುದಿಲ್ಲ. ಮೊದಲು ಮೆತ್ತನೆಯ ಬ್ರಷ್ಷಿನಿಂದ ಸ್ಪ್ರಿಂಗುಗಳಿಗೆ ತೆಳುವಾಗಿ ಬಳಿದು, ಉಳಿದದ್ದನ್ನು ಪೆಟ್ಟಿಗೆಯ ಒಂದೇ ಮೂಲೆಗೆ ಎತ್ತರದಿಂದ ನೂಲಿನಂತೆ ಸುರಿಯಬೇಕು. ಸಿಲಿಕೋನ್ ತಾನಾಗಿ ಹರಿದು ಮಾಸ್ಟರನ್ನು ಮುಚ್ಚಲಿ.

ಇಲ್ಲಿ ಹೊಸಬರು ತಪ್ಪದೆ ಎಡವುವ ಒಂದು ಜಾಗವಿದೆ. ರೆಸಿನ್ನನ್ನು 50 ಪಿಎಸ್‌ಐಯಲ್ಲಿ ಹೊಯ್ಯುವುದಾದರೆ ಅಚ್ಚೂ ಅಷ್ಟೇ ಅಥವಾ ಹೆಚ್ಚಿನ ಒತ್ತಡದಲ್ಲಿ ಗಟ್ಟಿಯಾಗಿರಬೇಕು, ಇಲ್ಲವೇ ವ್ಯಾಕ್ಯೂಮ್ ಪಂಪಿನಲ್ಲಿ ಗಾಳಿ ತೆಗೆದಿರಬೇಕು. ಬರೀ ಕೋಣೆಯ ಒತ್ತಡದಲ್ಲಿ ಮಾಡಿದ ಅಚ್ಚಿನ ಗೋಡೆಯೊಳಗೆ ಗುಳ್ಳೆಗಳಿರುತ್ತವೆ. ಪಾತ್ರೆಯೊಳಗೆ ಒತ್ತಡ ಏರಿದಾಗ ಅವು ಕುಗ್ಗಿ, ಆ ಜಾಗದಲ್ಲಿ ಸಿಲಿಕೋನಿನ ಮೈ ಒಳಕ್ಕೆ ತಗ್ಗುತ್ತದೆ, ಎರಕದ ಮೇಲೆ ರಾಗಿ ಕಾಳಿನಂಥ ಉಬ್ಬುಗಳೇಳುತ್ತವೆ. ಎರಕದಲ್ಲಿ ಗುಳಿ ಕಂಡರೆ ರೆಸಿನ್ನಿನ ಕಡೆ ನೋಡಬೇಕು, ಉಬ್ಬು ಕಂಡರೆ ಅಚ್ಚಿನ ಕಡೆ. ಇಲ್ಲಿ ಪಂಪು ಇರಲಿಲ್ಲ, ಹಾಗಾಗಿ ಅಚ್ಚಿನ ಎರಡು ಅರ್ಧಗಳೂ 55 ಪಿಎಸ್‌ಐಯಲ್ಲೇ ಗಟ್ಟಿಯಾದವು.

ಪಾತ್ರೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಅಡುಗೆಮನೆಯ ಪ್ರೆಶರ್ ಕುಕ್ಕರ್ ಕೆಲಸ ಮಾಡುವುದು 15 ಪಿಎಸ್‌ಐ ಆಸುಪಾಸಿನಲ್ಲಿ. ಅದರ ವಾಲ್ವ್ ಬಿಗಿದು ಕಂಪ್ರೆಸರ್ ಜೋಡಿಸುವುದೆಂದರೆ ಮನೆಯೊಳಗೆ ಬಾಂಬ್ ಇಟ್ಟುಕೊಂಡಂತೆ. ಪೇಂಟ್ ಸ್ಪ್ರೇಗೆಂದು ಮಾರುವ, ಒತ್ತಡದ ಮಿತಿ ಬರೆದಿರುವ, ಸೇಫ್ಟಿ ವಾಲ್ವ್ ಮತ್ತು ರೆಗ್ಯುಲೇಟರ್ ಇರುವ ಟ್ಯಾಂಕೇ ಆಗಬೇಕು. ಗೇಜ್ ಸೊನ್ನೆಗೆ ಬರುವ ತನಕ ಮುಚ್ಚಳದ ಒಂದು ತಿರುಪನ್ನೂ ಸಡಿಲಿಸಬಾರದು.

ಮೊದಲ ಅರ್ಧ ಗಟ್ಟಿಯಾದ ಮೇಲೆ ಮಗುಚಿ, ಅಕ್ರಿಲಿಕ್ ಹಾಳೆಯನ್ನು ಮಾತ್ರ ಬಿಡಿಸಿ, ಮಾಸ್ಟರುಗಳನ್ನು ಅಲುಗಿಸದೆ ಹಾಗೇ ಬಿಟ್ಟು ಎರಡನೆಯ ಅರ್ಧ ಸುರಿಯಬೇಕು. ಅದಕ್ಕೂ ಮುನ್ನ ಸಿಲಿಕೋನಿನ ಮೈಗೆ ಬಿಡುಗಡೆ ಪದರ ಕಡ್ಡಾಯ: ಮಿನರಲ್ ಟರ್ಪೆಂಟೈನಿನಲ್ಲಿ ತೆಳುವಾಗಿ ಕರಗಿಸಿದ ಪೆಟ್ರೋಲಿಯಂ ಜೆಲ್ಲಿ ಬಳಿದು, ಟರ್ಪೆಂಟೈನ್ ಆರುವ ತನಕ ಕಾಯಬೇಕು. ಸಿಲಿಕೋನಿಗೆ ಬೇರೇನೂ ಸುಲಭವಾಗಿ ಅಂಟದು, ಸಿಲಿಕೋನ್ ಮಾತ್ರ ಅಂಟುತ್ತದೆ. ಒಂದು ಅಂಗುಲ ಜಾಗ ಬಿಟ್ಟುಹೋದರೂ ಎರಡು ಅರ್ಧಗಳು ಅಲ್ಲಿ ಒಂದಾಗಿಬಿಡುತ್ತವೆ.

ಇಂಥ ಅಚ್ಚುಗಳು ಎರಡು. ಒಂದೊಂದರಲ್ಲೂ ಒಂದು ಬೋಗಿಗೆ ಬೇಕಾದ ಎರಡು ಫ್ರೇಮ್. ನಾಲ್ಕನ್ನೂ ಒಂದೇ ಅಚ್ಚಿನಲ್ಲಿ ಇಡಬಹುದಿತ್ತು, ಆದರೆ ಹೀಗೆ ಮಾಡಿದರೆ ಒಂದು ಬೋಗಿಯ ಎರಡೂ ಬದಿ ಒಂದೇ ಅಚ್ಚಿನಿಂದ, ಒಂದೇ ದಿನ, ಒಂದೇ ಕಲಸಿನಿಂದ ಬರುತ್ತವೆ. ಕುಗ್ಗಿದರೂ ಎರಡೂ ಸಮನಾಗಿ ಕುಗ್ಗುತ್ತವೆ. ಒಟ್ಟು ಸಿಲಿಕೋನ್ ಅರ್ಧ ಕಿಲೋಗೆ ಸ್ವಲ್ಪ ಕಡಿಮೆ.

ತವರ ಸಿಲಿಕೋನ್ ಗಟ್ಟಿಯಾಗುವಾಗ ಆಲ್ಕೋಹಾಲ್ ಹೊರಬಿಡುತ್ತದೆ. ಆ ಆಲ್ಕೋಹಾಲ್ ರೆಸಿನ್ನಿನ ಎರಡು ಭಾಗಗಳಲ್ಲಿ ಒಂದಾದ ಐಸೊಸಯನೇಟಿನ ಜೊತೆ ಸೇರಿದರೆ ಎರಕದ ಮೈ ಜಿಗುಟಾಗುತ್ತದೆ. ಆದ್ದರಿಂದ ಅಚ್ಚನ್ನು ಬಿಚ್ಚಿ ಎರಡು ಮೂರು ದಿನ ಗಾಳಿಗಿಡದೆ ಹೊಯ್ಯಬಾರದು.

ಜುಲೈಯ ರೆಸಿನ್

ಮಂಗಳೂರಿನ ಮಳೆಗಾಲ ತವರ ಸಿಲಿಕೋನಿಗೆ ಒಳ್ಳೆಯದು. ಅದು ಗಟ್ಟಿಯಾಗಲು ತೇವಾಂಶವೇ ಬೇಕು. ಪಾಲಿಯುರೆಥೇನ್ ರೆಸಿನ್ನಿಗೆ ಅದೇ ತೇವಾಂಶ ಶತ್ರು. ಐಸೊಸಯನೇಟ್ ನೀರಿನ ಜೊತೆ ಸೇರಿದರೆ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಒಂದು ಮಿಲಿಗ್ರಾಂ ನೀರು ಪೂರ್ತಿ ಹೀಗೆ ಖರ್ಚಾದರೆ ಸುಮಾರು 1.3 ಮಿ.ಲೀ. ಅನಿಲ. ಹತ್ತು ಮಿ.ಲೀ. ರೆಸಿನ್ನಿನಲ್ಲಿ ಕಣ್ಣಿಗೆ ಕಾಣದಷ್ಟು ನೀರು ನೂರಕ್ಕೆ ಹದಿಮೂರು ಪಾಲು ನೊರೆ ಎಬ್ಬಿಸಬಲ್ಲದು.

ನೊರೆಗೂ ಸಿಕ್ಕಿಕೊಂಡ ಗಾಳಿಗೂ ವ್ಯತ್ಯಾಸ ಗುರುತಿಸುವುದು ಸುಲಭ. ಗಾಳಿ ಪ್ರತಿ ಎರಕದಲ್ಲೂ ಒಂದೇ ಜಾಗದಲ್ಲಿ ಕೊರತೆ ಬಿಡುತ್ತದೆ. ತೇವದ ಗುಳ್ಳೆಗಳು ಸಣ್ಣವು, ದುಂಡನೆಯವು, ಇಡೀ ತುಂಡಿನಲ್ಲಿ ಹರಡಿರುತ್ತವೆ, ಗಟ್ಟಿಯಾಗುವ ಕೊನೆಯ ನಿಮಿಷಗಳಲ್ಲಿ ಏಳುತ್ತವೆ. ಸುರಿಯುವ ಬಾಯಿಯಲ್ಲಿ ರೆಸಿನ್ ಉಬ್ಬಿ ಮೇಲೇರಿದ್ದರೆ ಅನುಮಾನವೇ ಬೇಡ.

ತೇವ ಎಲ್ಲಿಂದ ಬಂತು ಎಂದು ತಿಳಿಯಲು ಮೂರು ಲೋಟದ ಪರೀಕ್ಷೆ ಸಾಕು. ಒಂದರಲ್ಲಿ ಈಗಷ್ಟೇ ಬಿಚ್ಚಿದ ಬಾಟಲಿಯ ರೆಸಿನ್, ಎರಡನೆಯದರಲ್ಲಿ ಬಳಕೆಯಲ್ಲಿರುವ ಬಾಟಲಿಯದು, ಎರಡನ್ನೂ ಒಣ ಪ್ಲಾಸ್ಟಿಕ್ ಕಡ್ಡಿಯಿಂದ ಕಲಸಬೇಕು. ಮೂರನೆಯದರಲ್ಲಿ ಹೊಸ ರೆಸಿನ್ನನ್ನೇ ಐಸ್‌ಕ್ರೀಂ ಕಡ್ಡಿಯಿಂದ ಕಲಸಬೇಕು. ಐದೈದು ಗ್ರಾಂ, ಒತ್ತಡವಿಲ್ಲದೆ ಹಾಗೇ ಬಿಡಬೇಕು. ಇಲ್ಲಿ ಎರಡನೆಯದೂ ಮೂರನೆಯದೂ ಉಬ್ಬಿದವು. ಅಂದರೆ ದೋಷ ಎರಡು ಕಡೆ: ಮುಚ್ಚಳ ತೆಗೆದಿಟ್ಟೇ ಕೆಲಸ ಮಾಡಿದ ದೊಡ್ಡ ಬಾಟಲಿ, ಮತ್ತು ಗಾಳಿಯ ತೇವ ಹೀರಿಕೊಂಡಿದ್ದ ಮರದ ಕಡ್ಡಿ. ಪೇಪರ್ ಲೋಟವೂ ಮರದ ಕಡ್ಡಿಯಂಥದೇ. ಪಾಲಿಪ್ರೊಪಿಲೀನ್ ಲೋಟ ಬಳಸಿದರೆ ಉಳಿದ ರೆಸಿನ್ ಗಟ್ಟಿಯಾದ ಮೇಲೆ ಬಗ್ಗಿಸಿದರೆ ಕಳಚಿ ಬರುತ್ತದೆ.

ಬದಲಾವಣೆಗಳು ಹೀಗಿದ್ದವು. ರೆಸಿನ್ನಿನ ಎರಡೂ ಭಾಗಗಳನ್ನು ಕೊಂಡ ದಿನವೇ 100 ಮಿ.ಲೀ.ಯ ಒಣ ಬಾಟಲಿಗಳಿಗೆ ಕುತ್ತಿಗೆಯ ತನಕ ತುಂಬಿ, ಸಿಲಿಕಾ ಜೆಲ್ ಜೊತೆ ಬಿಗಿ ಡಬ್ಬದಲ್ಲಿಡುವುದು. ಒಂದು ಸಲಕ್ಕೆ ಒಂದೇ ಬಾಟಲಿ ಬಿಚ್ಚುವುದು, ಸುರಿದ ತಕ್ಷಣ ಮುಚ್ಚುವುದು. ಪಾಲಿಯೋಲ್ ಎಂಬ ಇನ್ನೊಂದು ಭಾಗ ತೇವವನ್ನು ಸದ್ದಿಲ್ಲದೆ ಹೀರುತ್ತದೆ, ನೋಡಿದರೆ ತಿಳಿಯದು. ಐಸೊಸಯನೇಟ್ ಭಾಗ ಮಾತ್ರ ಮಬ್ಬಾಗಿ ಅಥವಾ ಕೆನೆ ಕಟ್ಟಿ ಸುಳಿವು ಕೊಡುತ್ತದೆ. ಹೊಯ್ಯುವ ಅರ್ಧ ಗಂಟೆ ಮೊದಲೇ ಏಸಿ ಹಾಕಿ ಕೋಣೆಯ ಆರ್ದ್ರತೆಯನ್ನು ಶೇ. 55ರ ಕೆಳಗೆ ತರುವುದು. ಅಚ್ಚನ್ನು 50 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸುವುದು, ಏಕೆಂದರೆ ಸಿಲಿಕೋನಿನೊಳಗೂ ತೇವ ಹಾದುಹೋಗುತ್ತದೆ. ಕಂಪ್ರೆಸರಿನ ಟ್ಯಾಂಕಿನ ತಳದ ನೀರನ್ನು ದಿನವೂ ಬಸಿಯುವುದು. ಮಳೆಗಾಲದಲ್ಲಿ ಅಲ್ಲಿ ಲೋಟಗಟ್ಟಲೆ ನೀರು ಸೇರುತ್ತದೆ, ಅದು ನೇರವಾಗಿ ಒತ್ತಡದ ಪಾತ್ರೆಗೆ ಬರುತ್ತದೆ.

ಕೆಲಸದ ಸಮಯವನ್ನೂ ನೋಡಿಕೊಳ್ಳಬೇಕು. ಡಬ್ಬಿಯ ಮೇಲೆ ಬರೆದ ನಿಮಿಷಗಳು 23 ಡಿಗ್ರಿಯವು. ಹತ್ತು ಡಿಗ್ರಿ ಏರಿದರೆ ಸಮಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಮೂರು ನಿಮಿಷದ ರೆಸಿನ್ 28 ಡಿಗ್ರಿಯಲ್ಲಿ ಎರಡೇ ನಿಮಿಷ: ಕಲಸಿ, ಎರಡು ಅಚ್ಚಿಗೆ ಸುರಿದು, ಪಾತ್ರೆ ಮುಚ್ಚಿ ಒತ್ತಡ ಏರಿಸಲು ಸಾಲದು. ಏಳು ನಿಮಿಷದ್ದೇ ಇಂಥ ಕೆಲಸಕ್ಕೆ ಬೇಕು.

ಒಂದು ಅಚ್ಚಿಗೆ ಫ್ರೇಮು, ದಾರಿಗಳು, ಬಾಯಿ ಎಲ್ಲ ಸೇರಿ ಐದು ಮಿ.ಲೀ. ಸಾಕು. ಆದರೆ ಅಷ್ಟನ್ನೇ ಕಲಸಿದರೆ ತೂಕದ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಎರಡೂ ಅಚ್ಚಿಗೆ ಸೇರಿಸಿ 12 ಗ್ರಾಂ ಕಲಸುವುದು ಮೇಲು. ತೂಕದಲ್ಲಿ 100ಕ್ಕೆ 90ರ ಅನುಪಾತವಿದ್ದರೆ 6.3 ಮತ್ತು 5.7 ಗ್ರಾಂ. ಅಡುಗೆಮನೆಯ ತಕ್ಕಡಿ ಅರ್ಧ ಗ್ರಾಂ ತಪ್ಪಿದರೂ ಇಲ್ಲಿ ಶೇ. 9ರ ವ್ಯತ್ಯಾಸ, ಫ್ರೇಮು ರಬ್ಬರಿನಂತೆ ಬಳುಕುತ್ತದೆ. ನೂರನೇ ಒಂದು ಗ್ರಾಂ ತೋರಿಸುವ ಒಡವೆ ತಕ್ಕಡಿ ಬೇಕು.

ಐಸೊಸಯನೇಟಿನ ಆವಿ ಉಸಿರಾಟದ ಅಲರ್ಜಿ ಹುಟ್ಟಿಸಬಲ್ಲದು, ಒಮ್ಮೆ ಅಂಟಿದರೆ ಆಮೇಲೆ ತುಸು ಆವಿಗೂ ಉಬ್ಬಸ ಬರುತ್ತದೆ. ಆವಿ ಹಿಡಿಯುವ ಕಾರ್ಟ್ರಿಜ್ ಇರುವ ಮಾಸ್ಕ್, ನೈಟ್ರೈಲ್ ಕೈಗವಸು, ಹೊರಕ್ಕೆ ಗಾಳಿ ತಳ್ಳುವ ಫ್ಯಾನ್ ಬೇಕೇ ಬೇಕು. ಏಸಿಗೆಂದು ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದು ಇನ್ನೂ ಮುಖ್ಯ: ಕಲಸಿ ಸುರಿಯುವ ನಿಮಿಷಗಳಲ್ಲಿ ಫ್ಯಾನ್ ಓಡಲೇಬೇಕು, ಆರ್ದ್ರತೆ ಸ್ವಲ್ಪ ಏರಿದರೆ ಏರಲಿ.

ಬಾಗಿದ ಫ್ರೇಮು

ನೊರೆ ನಿಂತ ಮೇಲೆ ಬಂದ ಫ್ರೇಮುಗಳ ಮುಖ ಅಚ್ಚುಕಟ್ಟಾಗಿತ್ತು. ಮರುದಿನ ಗಾಜಿನ ಮೇಲಿಟ್ಟರೆ ತುದಿಗಳು ಅರ್ಧ ಮಿ.ಮೀ. ಎದ್ದಿದ್ದವು. ರೆಸಿನ್ ಗಟ್ಟಿಯಾಗುವುದು ತನ್ನದೇ ಬಿಸಿಯಿಂದ. ಬಾಯಿಯಲ್ಲಿ ಉಳಿದ ದಪ್ಪ ಮುದ್ದೆ ಬೇಗ ಬಿಸಿಯೇರಿ ಅರ್ಧ ಗಂಟೆಯಲ್ಲಿ ಕಲ್ಲಾಗುತ್ತದೆ. ಮೂರು ಮಿ.ಮೀ. ಫ್ರೇಮಿನ ಬಿಸಿಯನ್ನು ಸಿಲಿಕೋನ್ ಹೀರಿಕೊಳ್ಳುವುದರಿಂದ ಅದು ಹಿಂದೆ ಬೀಳುತ್ತದೆ. ಬಾಯಿಯ ಮುದ್ದೆಯನ್ನು ಉಗುರಿನಿಂದ ಒತ್ತಿ ನೋಡಿ ಫ್ರೇಮು ಆಗಿದೆ ಎಂದು ನಂಬಿ ತೆಗೆದರೆ, ಅರೆಬೆಂದ ಫ್ರೇಮು ಬಿಡಿಸುವಾಗಲೇ ಬಾಗಿ, ಬಾಗಿದ ಹಾಗೆಯೇ ಗಟ್ಟಿಯಾಗುತ್ತದೆ.

ಅಚ್ಚನ್ನು 40 ಡಿಗ್ರಿಗೆ ಬೆಚ್ಚಗಿಟ್ಟು ಹೊಯ್ದು, ಒತ್ತಡದಲ್ಲೇ ಎರಡು ಗಂಟೆ ಬಿಟ್ಟಾಗ ಬಾಗುವುದು ನಿಂತಿತು. ಬಿಡಿಸುವಾಗ ಎರಕವನ್ನು ಎಳೆಯದೆ, ಅಚ್ಚಿನ ಅರ್ಧವನ್ನು ಹಿಂದಕ್ಕೆ ಬಗ್ಗಿಸಿ ಸಿಪ್ಪೆಯಂತೆ ಸುಲಿಯಬೇಕು, ಕೆಳತೊಲೆಯ ಕಡೆಯಿಂದ ಶುರುಮಾಡಬೇಕು. ಹೊರಬಂದ ಫ್ರೇಮುಗಳನ್ನು ದಾರಿಗಳನ್ನು ಕತ್ತರಿಸದೆ ಎರಡು ಗಾಜಿನ ನಡುವೆ ಇಟ್ಟು 60 ಡಿಗ್ರಿಯಲ್ಲಿ ನಾಲ್ಕು ಗಂಟೆ ಬೇಯಿಸಿದರೆ ಪೂರ್ತಿ ಗಟ್ಟಿ. ಮೊದಲು ಬಾಗಿದ್ದ ಫ್ರೇಮುಗಳನ್ನೂ ಎಸೆಯಬೇಕಾಗಲಿಲ್ಲ: 70 ಡಿಗ್ರಿ ನೀರಿನಲ್ಲಿ ಅರ್ಧ ನಿಮಿಷ ಮುಳುಗಿಸಿ, ಗಾಜಿನ ಮೇಲೆ ಒತ್ತಿ ಹಿಡಿದು ತಣಿಸಿದಾಗ ನೇರವಾದವು.

ಜೋಡಣೆ

ಫ್ರೇಮುಗಳನ್ನು ಪಾತ್ರೆ ತೊಳೆಯುವ ದ್ರವ ಹಾಕಿದ ಉಗುರು ಬೆಚ್ಚಗಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯದಿದ್ದರೆ ಪ್ರೈಮರ್ ಹಿಡಿಯುವುದಿಲ್ಲ. ಉಜ್ಜುವ ಕೆಲಸ ನೀರಿನಲ್ಲೇ ಆಗಲಿ, ರೆಸಿನ್ನಿನ ಪುಡಿ ಶ್ವಾಸಕ್ಕೆ ಹೋಗಬಾರದು. ಗುಳಿ ಹಿಡಿದು ಕೈಡ್ರಿಲ್ಲಿನಿಂದ ಮೊದಲು 1 ಮಿ.ಮೀ., ಆಮೇಲೆ 2 ಮಿ.ಮೀ. ತೂತು. ಬಿಟ್ಟಿಗೆ ಟೇಪು ಸುತ್ತಿ ಆಳದ ಗುರುತು ಮಾಡಿಕೊಂಡರೆ ಆಕ್ಸಲ್ ಬಾಕ್ಸಿನ ಮುಖ ಒಡೆದು ಬಿಟ್ಟು ಹೊರಬರುವುದಿಲ್ಲ. ಬೇರಿಂಗನ್ನು ಬಿಗಿಯಾಗಿ ಒತ್ತಿ ಕೂರಿಸಿ, ಗಾಲಿಗಳನ್ನು ಸೇರಿಸಿ, ಆಕ್ಸಲ್ಲಿಗೆ ಅಡ್ಡಲಾಗಿ 0.2ರಿಂದ 0.3 ಮಿ.ಮೀ. ಆಟ ಉಳಿಯುವಂತೆ ನೋಡಿ ಆಮೇಲೆಯೇ ಬೋಲ್‌ಸ್ಟರಿಗೆ ಅಂಟು ಹಾಕಬೇಕು. ಅಂಟು ಗಟ್ಟಿಯಾಗುವ ತನಕ ಬೋಗಿ ಗಾಜಿನ ಮೇಲೆ ನಾಲ್ಕು ಗಾಲಿಯಲ್ಲೂ ನಿಂತಿರಲಿ. ಒಂದು ಗಾಲಿ ಎದ್ದಿದ್ದರೆ ಕೆಳಗೆ ತೆಳು ಕಾಗದ ಸಿಕ್ಕಿಸಿ ಎಳೆದರೆ ಗೊತ್ತಾಗುತ್ತದೆ.

ಎರಡು ಅಚ್ಚಿನ ಫ್ರೇಮುಗಳು ಬೆರೆಯದಂತೆ ಒಂದು ಅಚ್ಚಿನ ಮಾಸ್ಟರಿಗೆ ಹಿಂಬದಿಯಲ್ಲಿ ಒಂದು ಚುಕ್ಕಿ, ಇನ್ನೊಂದಕ್ಕೆ ಎರಡು ಚುಕ್ಕಿ ಕೊರೆದಿರುವುದು ಒಳ್ಳೆಯದು. ಹತ್ತು ಸುತ್ತಿಗೆ ನಲವತ್ತು ಫ್ರೇಮು, ಕೆಟ್ಟವನ್ನು ಹಿಡಿದು ಇನ್ನೆರಡು ಮೂರು ಸುತ್ತು. ಎಲ್ಲ ಸೇರಿ ರೆಸಿನ್ 160 ಗ್ರಾಂ ಒಳಗೆ. ಅಚ್ಚಿನಲ್ಲಿ ಮೊದಲು ಸವೆಯುವುದು ಹ್ಯಾಂಗರ್ ಮತ್ತು ಸ್ಪ್ರಿಂಗಿನ ನಡುವಿನ ತೆಳು ಭಾಗ. ಆ ಜಾಗದ ಎರಕ ಹೊಳಪು ಕಳೆದುಕೊಂಡು ಬಿಡಿಸುವಾಗ ಅಂಟಿಕೊಳ್ಳತೊಡಗಿದರೆ ಅಚ್ಚಿನ ಆಯಸ್ಸು ಮುಗಿಯುತ್ತಿದೆ ಎಂದರ್ಥ. ಮುಗಿದಿರದ ಅಚ್ಚನ್ನು ತೆಗೆದಿಡುವುದಾದರೆ ಎರಡು ಅರ್ಧಗಳನ್ನು ಜೋಡಿಸಿ, ಬ್ಯಾಂಡ್ ಬಿಗಿಯದೆ, ಚಪ್ಪಟೆಯಾಗಿ ಮಲಗಿಸಿ ಇಡಬೇಕು. ತಿಂಗಳುಗಳ ನಂತರ ಅದರಲ್ಲಿ ಹೊಯ್ಯುವ ಮುನ್ನ ಒಂದು ಜೊತೆ ಮಾತ್ರ ತೆಗೆದು ಆಕ್ಸಲ್ ಗುಳಿಗಳ ಅಂತರ ಅಳೆಯಬೇಕು. 33.1ಕ್ಕಿಂತ ಕೆಳಗಿಳಿದಿದ್ದರೆ ಆ ಅಚ್ಚಿನ ಹೊಸ ಫ್ರೇಮನ್ನು ಹಳೆಯದರ ಜೊತೆ ಒಂದೇ ಬೋಗಿಗೆ ಜೋಡಿಸುವಂತಿಲ್ಲ.